ಹೆಡ್‌ಲೈಟ್, ಕಬ್ಬಿನ ಟ್ರೇಲರ್ ಮತ್ತು ರಾತ್ರಿ ಕಣ್ಣಿನ ರಸಾಯನ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಕಡೆಯ ರಸ್ತೆಗಳು ರಾತ್ರಿ ಹೊತ್ತು ಬೇರೆಯೇ ಆಗಿಬಿಡುತ್ತವೆ. ಮುಧೋಳ, ಜಮಖಂಡಿ, ಮಹಾಲಿಂಗಪುರ, ಗೋಕಾಕ, ಅಥಣಿ, ಚಿಕ್ಕೋಡಿ, ಕೊಲ್ಹಾರ, ಎಲ್ಲಿ ಹೋದರೂ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್‌ಗಳು. ಟ್ರೇಲರ್‌ನ ಅಂಚು ದಾಟಿ ಕಬ್ಬು ಎರಡೂ ಕಡೆ ಚಾಚಿಕೊಂಡಿರುತ್ತದೆ. ಹಿಂದೆ ಲೈಟ್ ಇರುವುದೇ ಅಪರೂಪ, ಇದ್ದರೂ ರವದಿ (ಕಬ್ಬಿನ ಒಣ ಎಲೆ) ಜೋತುಬಿದ್ದು ಮುಚ್ಚಿರುತ್ತದೆ. ಟೈರ್ ಪಂಕ್ಚರ್ ಆದರೆ ಅಲ್ಲೇ ರಸ್ತೆ ಮೇಲೆ ಜಾಕ್ ಹಚ್ಚಿ, ಹಿಂದೆ ಎರಡು ಕಲ್ಲು ಇಟ್ಟು, ಮೆಕ್ಯಾನಿಕ್ ತರಲು ಹೋಗುತ್ತಾರೆ. ಆಮೇಲೆ ಪ್ರತಿ ವರ್ಷ ಅದೇ ಸುದ್ದಿ: ನಿಂತ ಟ್ರೇಲರ್‌ಗೆ ಹಿಂದಿನಿಂದ ಬೈಕ್ ಡಿಕ್ಕಿ. ಸತ್ತವರು ಹೆಚ್ಚಾಗಿ ಚಿಕ್ಕ ವಯಸ್ಸಿನವರು.

ಇಂಥ ಸುದ್ದಿ ಬಂದಾಗ ಎಲ್ಲರ ಬಾಯಲ್ಲಿ ಒಂದೇ ಮಾತು. "ನೋಡಿಕೊಂಡು ಹೋಗಬೇಕಿತ್ತು." ಕುಡಿದಿದ್ದರೇನೋ, ಸ್ಪೀಡ್ ಇದ್ದರೇನೋ, ಮೊಬೈಲ್ ನೋಡುತ್ತಿದ್ದರೇನೋ. ಒಮ್ಮೊಮ್ಮೆ ಅದು ನಿಜವೂ ಇರಬಹುದು. ಆದರೆ ಎದುರಿನ ಗಾಡಿಯ ಹೈಬೀಮ್ ಕಣ್ಣಿಗೆ ಬಿದ್ದ ಮೇಲೆ, ಲೈಟ್ ಇಲ್ಲದ ಕಂದು ಬಣ್ಣದ ಕಬ್ಬಿನ ರಾಶಿಯನ್ನು ನೋಡಿಕೊಂಡು ಹೋಗುವುದು ಎಷ್ಟೋ ಸಲ ಮನುಷ್ಯನ ಕಣ್ಣಿಗೆ ಸಾಧ್ಯವೇ ಇಲ್ಲ. ಇದರಲ್ಲಿ ನಿಗಾ ಇಡುವ ಪ್ರಶ್ನೆಗಿಂತ ರಸಾಯನಶಾಸ್ತ್ರದ ಪ್ರಶ್ನೆ ದೊಡ್ಡದು. ನಮ್ಮ ಕಣ್ಣಿನೊಳಗೆ ಒಂದು ಅಣು ಇದೆ, ಅದು ಬೆಳಕನ್ನು ಹಿಡಿಯುವುದು ನಂಬಲಾಗದಷ್ಟು ಬೇಗ, ಮತ್ತೆ ಮೊದಲಿನಂತೆ ಆಗುವುದು ಬಹಳ ನಿಧಾನ. ಈ ನಿಧಾನವನ್ನು ಧೈರ್ಯದಿಂದ, ಅನುಭವದಿಂದ, ಅಂಗಡಿಯ ಕನ್ನಡಕದಿಂದ ಕಡಿಮೆ ಮಾಡಲು ಆಗುವುದಿಲ್ಲ. ಅದಕ್ಕೇ ಈ ವಿಷಯವನ್ನು ಬುಡದಿಂದ ನೋಡೋಣ ಅಂತ.

ಮೊದಲು, ಒಂದು ಅಣು ಬೆಳಕನ್ನು ಹೀರುವುದು ಅಂದರೆ ಏನು? ಬೆಳಕು ಬರುವುದು ಫೋಟಾನ್ ಎಂಬ ಸಣ್ಣ ಸಣ್ಣ ಕಂತುಗಳಲ್ಲಿ. ಅಣು ಅರ್ಧ ಫೋಟಾನ್ ತಗೊಳ್ಳುವುದಿಲ್ಲ, ಇಡಿಯಾಗಿ ತಗೊಳ್ಳಬೇಕು ಅಥವಾ ಬಿಡಬೇಕು. ಅಣುವಿನ ಎಲೆಕ್ಟ್ರಾನ್‌ಗಳಿಗೆ ಇಂತಿಂಥ ಮಟ್ಟದಲ್ಲೇ ಇರಬೇಕು ಎಂಬ ಕಟ್ಟು ಇದೆ. ಕೆಳಗಿನ ಮಟ್ಟದಿಂದ ಮೇಲಿನ ಮಟ್ಟಕ್ಕೆ ಏರಲು ಎಷ್ಟು ಶಕ್ತಿ ಬೇಕೋ ಹೆಚ್ಚುಕಡಿಮೆ ಅಷ್ಟೇ ಶಕ್ತಿಯ ಫೋಟಾನ್ ಬಂದರೆ ಮಾತ್ರ ಅದು ಒಳಗೆ ಹೋಗುತ್ತದೆ, ಇಲ್ಲದಿದ್ದರೆ ಸುಮ್ನೆ ಹಾದುಹೋಗುತ್ತದೆ. ನೀರಿನ ಅಣುವಿಗೆ, ಸಕ್ಕರೆಯ ಅಣುವಿಗೆ ಈ ಅಂತರ ಬಹಳ ದೊಡ್ಡದು. ನಮಗೆ ಕಾಣುವ ಬೆಳಕಿನ ಫೋಟಾನ್ ಅವುಗಳಿಗೆ ಸಾಲುವುದಿಲ್ಲ. ಅದಕ್ಕೇ ನೀರು ತಿಳಿಯಾಗಿದೆ, ಶುದ್ಧ ಸಕ್ಕರೆ ಬಿಳಿಯಾಗಿದೆ.

ಬಣ್ಣ ಬರಬೇಕಾದರೆ ಅಂತರ ಚಿಕ್ಕದಾಗಬೇಕು. ಇಂಗಾಲದ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಜೋಡಿ ಬಂಧಗಳು ಸಾಲಾಗಿ ಇದ್ದಾಗ ಹೀಗಾಗುತ್ತದೆ. ಅಲ್ಲಿನ ಕೆಲವು ಎಲೆಕ್ಟ್ರಾನ್‌ಗಳು ಒಂದೇ ಬಂಧಕ್ಕೆ ಅಂಟಿಕೊಳ್ಳದೆ ಇಡೀ ಸಾಲಿನ ತುಂಬ ಹರಡಿಕೊಳ್ಳುತ್ತವೆ. ತಂಬೂರಿಯ ತಂತಿ ಉದ್ದವಾದಷ್ಟೂ ಸ್ವರ ಇಳಿಯುವ ಹಾಗೆ, ಈ ಸಾಲು ಉದ್ದವಾದಷ್ಟೂ ಎಲೆಕ್ಟ್ರಾನನ್ನು ಏರಿಸಲು ಬೇಕಾದ ಶಕ್ತಿ ಇಳಿಯುತ್ತದೆ. ಬೆಳಕಿನ ಬಣ್ಣವನ್ನು ಅದರ ಅಲೆಯ ಉದ್ದದಿಂದ, ನ್ಯಾನೋಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ, ಅಲೆ ಉದ್ದವಾದಷ್ಟೂ ಫೋಟಾನ್‌ನ ಶಕ್ತಿ ಕಡಿಮೆ. ಅರಿಶಿಣದ ಕರ್ಕ್ಯುಮಿನ್ ಸುಮಾರು 425 ನ್ಯಾನೋಮೀಟರ್ ಹತ್ತಿರದ ನೇರಳೆ-ನೀಲಿ ಬೆಳಕನ್ನು ನುಂಗುತ್ತದೆ, ಉಳಿದದ್ದು ನಮಗೆ ಹಳದಿಯಾಗಿ ಕಾಣುತ್ತದೆ. ಗಜ್ಜರಿಯ ಬೀಟಾ ಕ್ಯಾರೋಟಿನ್‌ನಲ್ಲಿ ಇಂಥ 11 ಜೋಡಿ ಬಂಧಗಳ ಸಾಲಿದೆ. ಅದು 450ರ ಆಸುಪಾಸಿನ ನೀಲಿಯನ್ನು ನುಂಗಿ ಕಿತ್ತಳೆಯಾಗಿ ಕಾಣುತ್ತದೆ.

ಈ ಬೀಟಾ ಕ್ಯಾರೋಟಿನ್ ನಡುಮಧ್ಯೆ ತುಂಡಾದರೆ ಸಿಗುವುದೇ ರೆಟಿನಾಲ್ (retinal). ಇದು ವಿಟಮಿನ್ ಎ ಕುಟುಂಬದ ಅಣು. ಭೂಮಿಯ ಮೇಲೆ ಕಣ್ಣಿರುವ ಹೆಚ್ಚುಕಡಿಮೆ ಎಲ್ಲ ಪ್ರಾಣಿಗಳೂ ಬೆಳಕು ಹಿಡಿಯಲು ಬಳಸುವುದು ಇದನ್ನು ಅಥವಾ ಇದರ ಹತ್ತಿರದ ಸಂಬಂಧಿಯನ್ನು. ನೊಣವಾಗಲಿ, ಎತ್ತಾಗಲಿ, ನಾವಾಗಲಿ ಒಂದೇ.

ಆದರೆ ಬರೀ ರೆಟಿನಾಲ್ ತಗೊಂಡು ದ್ರಾವಣದಲ್ಲಿ ಇಟ್ಟರೆ ಅದು ಹೀರುವುದು 380 ನ್ಯಾನೋಮೀಟರ್ ಸುತ್ತಮುತ್ತ, ಅಂದರೆ ನಮಗೆ ಕಾಣದ ಅತಿನೇರಳೆಯ ಗಡಿಯಲ್ಲಿ. ಅದೊಂದರಿಂದ ಏನೂ ಪ್ರಯೋಜನವಿಲ್ಲ. ಅದನ್ನು ಆಪ್ಸಿನ್ ಎಂಬ ಪ್ರೋಟೀನ್ ತನ್ನ ಒಳಗಿನ ಪೊಟರೆಯಲ್ಲಿ ಕೂರಿಸಿಕೊಳ್ಳುತ್ತದೆ. ಪ್ರೋಟೀನ್‌ನ 348 ಅಮೈನೋ ಆಮ್ಲಗಳ ಪೈಕಿ 296ನೇ ಸ್ಥಾನದ ಲೈಸಿನ್‌ಗೆ ರೆಟಿನಾಲ್ ಬೆಸೆದುಕೊಳ್ಳುತ್ತದೆ. ಆ ಬೆಸುಗೆಯ ಜಾಗಕ್ಕೆ ಒಂದು ಪ್ರೋಟಾನ್ ಸೇರಿ ಧನ ವಿದ್ಯುದಂಶ ಬರುತ್ತದೆ, ಎಲೆಕ್ಟ್ರಾನ್‌ಗಳು ಇನ್ನಷ್ಟು ಸಡಿಲಾಗಿ ಹರಡುತ್ತವೆ, ಹೀರುವ ಬೆಳಕು 380ರಿಂದ ಜಾರಿ 500 ನ್ಯಾನೋಮೀಟರ್‌ಗೆ, ಹಸಿರು-ನೀಲಿಗೆ ಬಂದು ನಿಲ್ಲುತ್ತದೆ. ಈ ಜೋಡಿಯ ಹೆಸರು ರೊಡಾಪ್ಸಿನ್. ಕತ್ತಲಲ್ಲಿ ನೋಡಲು ಇರುವ ರಾಡ್ ಕೋಶಗಳಲ್ಲಿ ಇದು ತುಂಬಿಕೊಂಡಿದೆ. ಹಗಲಿಗೆ, ಬಣ್ಣಕ್ಕೆ ಇರುವ ಕೋನ್ ಕೋಶಗಳಲ್ಲೂ ಇದೇ ರೆಟಿನಾಲ್, ಆದರೆ ಸುತ್ತಲಿನ ಪ್ರೋಟೀನ್ ಸ್ವಲ್ಪ ಸ್ವಲ್ಪ ಬೇರೆ. ಅಷ್ಟರಿಂದಲೇ ಒಂದು ಬಗೆಯ ಕೋನ್ 420ಕ್ಕೆ, ಇನ್ನೊಂದು 530ಕ್ಕೆ, ಮತ್ತೊಂದು 560ಕ್ಕೆ ಹೆಚ್ಚು ಸ್ಪಂದಿಸುತ್ತದೆ. ಒಂದೇ ಅಣುವನ್ನು ಪ್ರೋಟೀನ್ ತನಗೆ ಬೇಕಾದ ಬಣ್ಣಕ್ಕೆ ಶ್ರುತಿ ಮಾಡುತ್ತದೆ ಅನ್ನುವುದು ನನ್ನ ಮಟ್ಟಿಗೆ ಜೀವರಸಾಯನದ ಅತಿ ಸುಂದರ ಸಂಗತಿಗಳಲ್ಲಿ ಒಂದು.

ಈಗ ಫೋಟಾನ್ ಬಿತ್ತು ಅಂದುಕೊಳ್ಳಿ. ಕತ್ತಲಲ್ಲಿ ರೆಟಿನಾಲ್‌ನ ಬಾಲ 11ನೇ ಇಂಗಾಲದ ಹತ್ತಿರ ಬಾಗಿಕೊಂಡಿರುತ್ತದೆ. ಜೋಡಿ ಬಂಧ ಸಾಮಾನ್ಯವಾಗಿ ತಿರುಗಲು ಬಿಡುವುದಿಲ್ಲ. ಆದರೆ ಫೋಟಾನ್‌ನ ಶಕ್ತಿಯಿಂದ ಎಲೆಕ್ಟ್ರಾನ್ ಮೇಲೇರಿದಾಗ ಆ ಬಂಧ ಕ್ಷಣಕ್ಕೆ ಸಡಿಲಾಗುತ್ತದೆ, ಬಾಗಿದ ಬಾಲ ನೆಟ್ಟಗಾಗುತ್ತದೆ. ಇದಕ್ಕೆ ಹಿಡಿಯುವ ಸಮಯ ಸುಮಾರು 200 ಫೆಮ್ಟೊಸೆಕೆಂಡ್, ಅಂದರೆ ಒಂದು ಸೆಕೆಂಡನ್ನು ಐದು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಹೀರಿದ ಪ್ರತಿ ಮೂರು ಫೋಟಾನ್‌ಗಳಲ್ಲಿ ಎರಡು ಈ ಕೆಲಸಕ್ಕೇ ಬಳಕೆಯಾಗುತ್ತವೆ. ಉಳಿದ ಒಂದರ ಶಕ್ತಿ ಶಾಖವಾಗಿ ಹೋಗುತ್ತದೆ. ನೋಡುವ ಕೆಲಸದಲ್ಲಿ ಬೆಳಕಿನ ಪಾತ್ರ ಇಷ್ಟಕ್ಕೇ ಮುಗಿಯಿತು. ಮುಂದಿನದೆಲ್ಲ ಕತ್ತಲಲ್ಲೂ ನಡೆಯುವ ರಸಾಯನ. ಕಣ್ಣಿನಲ್ಲಿ ವಿಟಮಿನ್ ಎ ಇದೆ ಎಂದು 1933ರಲ್ಲಿ ಕಂಡುಹಿಡಿದು, ಮುಂದೆ ಇಡೀ ಈ ಚಕ್ರವನ್ನು ಬಿಡಿಸಿಟ್ಟವರು ಅಮೆರಿಕದ ಜಾರ್ಜ್ ವಾಲ್ಡ್. 1967ರಲ್ಲಿ ಅವರಿಗೆ ನೊಬೆಲ್ ಬಂತು.

ನೆಟ್ಟಗಾದ ರೆಟಿನಾಲ್ ತನ್ನ ಸುತ್ತಲಿನ ಪ್ರೋಟೀನನ್ನು ಒತ್ತುತ್ತದೆ, ಪ್ರೋಟೀನ್ ಆಕಾರ ಬದಲಿಸುತ್ತದೆ. ಆಕಾರ ಬದಲಾದ ಒಂದು ರೊಡಾಪ್ಸಿನ್ ಹತ್ತಾರು ಟ್ರಾನ್ಸ್‌ಡ್ಯೂಸಿನ್ ಅಣುಗಳನ್ನು ಎಬ್ಬಿಸುತ್ತದೆ. ಅವು ಒಂದು ಕಿಣ್ವವನ್ನು ಎಬ್ಬಿಸುತ್ತವೆ. ಆ ಕಿಣ್ವ ಸೈಕ್ಲಿಕ್ ಜಿಎಂಪಿ ಎಂಬ ಸಣ್ಣ ಅಣುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಒಡೆದುಹಾಕುತ್ತದೆ. ರಾಡ್ ಕೋಶದ ಗೋಡೆಯ ಬಾಗಿಲುಗಳನ್ನು ತೆರೆದಿಟ್ಟಿದ್ದು ಇವೇ ಅಣುಗಳು. ಇವು ಕಡಿಮೆಯಾದರೆ ಬಾಗಿಲು ಮುಚ್ಚುತ್ತದೆ, ಒಳಬರುತ್ತಿದ್ದ ಸೋಡಿಯಂ, ಕ್ಯಾಲ್ಸಿಯಂ ನಿಲ್ಲುತ್ತವೆ, ಕೋಶ ಮುಂದಿನ ನರಕ್ಕೆ ಕಳಿಸುತ್ತಿದ್ದ ರಸ ಕಡಿಮೆಯಾಗುತ್ತದೆ. ಇಲ್ಲಿ ಒಂದು ವಿಚಿತ್ರ ಇದೆ ನೋಡಿ. ರಾಡ್ ಕೋಶ ಕತ್ತಲಲ್ಲಿ ಎಡೆಬಿಡದೆ ಸಂಕೇತ ಕಳಿಸುತ್ತಿರುತ್ತದೆ, ಬೆಳಕು ಬಿದ್ದಾಗ ಅದನ್ನು ಕಡಿಮೆ ಮಾಡುತ್ತದೆ. ಆ ಕಡಿಮೆಯಾಗುವುದನ್ನೇ ಮಿದುಳು ಬೆಳಕು ಎಂದು ಓದುತ್ತದೆ.

ಒಂದು ಫೋಟಾನ್‌ಗೆ ಇಷ್ಟು ದೊಡ್ಡ ಗದ್ದಲ ಆಗುವುದರಿಂದಲೇ ನಮ್ಮ ಕಣ್ಣು ಕತ್ತಲಲ್ಲಿ ಅಷ್ಟು ಚುರುಕು. 1942ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೆಕ್ಟ್, ಶ್ಲೇರ್, ಪಿರೆನ್ ಎಂಬ ಮೂವರು ಪ್ರಯೋಗ ಮಾಡಿ ತೋರಿಸಿದರು: ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಈ ಕೋಶಗಳಿರುವ ಪದರದಲ್ಲಿ, ಬರೀ 5ರಿಂದ 14 ಫೋಟಾನ್ ಹೀರಲ್ಪಟ್ಟರೂ ಮನುಷ್ಯನಿಗೆ ಮಿಂಚು ಕಂಡಂತಾಗುತ್ತದೆ. ಹಾಗೇ ಸುಳ್ಳು ಸಂಕೇತವೂ ಕಡಿಮೆ. ಒಂದು ರೊಡಾಪ್ಸಿನ್ ಅಣು ಬೆಳಕಿಲ್ಲದೆ, ಬರೀ ಮೈಶಾಖಕ್ಕೆ ತಾನಾಗಿ ತಿರುಗಿಬಿಡಲು ಸರಾಸರಿ ನೂರಾರು ವರ್ಷ ಬೇಕು. ಒಂದೊಂದು ರಾಡ್ ಕೋಶದಲ್ಲಿ 10 ಕೋಟಿಗೂ ಹೆಚ್ಚು ಅಣುಗಳಿವೆ, ಆದರೂ ಒಂದು ಕೋಶದಲ್ಲಿ ಸುಳ್ಳು ಸಂಕೇತ ಏಳುವುದು ಎರಡು ಮೂರು ನಿಮಿಷಕ್ಕೆ ಒಮ್ಮೆ ಮಾತ್ರ. ಇಂಥ ಉಪಕರಣವನ್ನು ಹೊತ್ತುಕೊಂಡು ತಿರುಗುತ್ತಿದ್ದೇವೆ ಅನ್ನುವುದೇ ನಮಗೆ ಗೊತ್ತಿಲ್ಲ.

ಸಮಸ್ಯೆ ಇರುವುದು ವಾಪಸ್ ಬರುವ ದಾರಿಯಲ್ಲಿ. ನೆಟ್ಟಗಾದ ರೆಟಿನಾಲ್ ಆಪ್ಸಿನ್‌ನಿಂದ ಬಿಟ್ಟುಹೋಗುತ್ತದೆ. ಅಷ್ಟು ರೊಡಾಪ್ಸಿನ್ ಆಗ ಕೆಲಸಕ್ಕಿಲ್ಲ. 1876ರಲ್ಲಿ ಜರ್ಮನಿಯ ಫ್ರಾಂಜ್ ಬೋಲ್ ಕಪ್ಪೆಯ ರೆಟಿನಾ ತೆಗೆದು ನೋಡಿದಾಗ ಕಂಡದ್ದು ಇದೇ: ಕತ್ತಲಲ್ಲಿ ಇಟ್ಟ ರೆಟಿನಾ ಕೆನ್ನೇರಳೆ, ಬೆಳಕಿಗೆ ಹಿಡಿದರೆ ಬಣ್ಣ ಹೋಗಿ ಬಿಳಚಿಕೊಳ್ಳುತ್ತದೆ. ಬಿಟ್ಟುಹೋದ ರೆಟಿನಾಲ್ ಮತ್ತೆ ಬಾಗಬೇಕಾದರೆ ರಾಡ್ ಕೋಶದೊಳಗೆ ಆಗುವುದಿಲ್ಲ. ಅದು ವಿಟಮಿನ್ ಎ ರೂಪಕ್ಕೆ ಬಂದು, ಕೋಶದಿಂದ ಹೊರಬಿದ್ದು, ರೆಟಿನಾದ ಹಿಂದಿರುವ ಕಪ್ಪು ಪದರಕ್ಕೆ ಹೋಗಬೇಕು. ಅಲ್ಲಿ ಆರ್‌ಪಿಇ65 ಎಂಬ ಕಿಣ್ವ ಅದನ್ನು ಬಾಗಿಸುತ್ತದೆ. ಆಮೇಲೆ ಅದು ಬಂದ ದಾರಿಯಲ್ಲೇ ತಿರುಗಿ ಬಂದು ಖಾಲಿ ಕೂತ ಆಪ್ಸಿನ್‌ಗೆ ಸೇರಿಕೊಳ್ಳಬೇಕು. ಜೋರು ಬೆಳಕಿಗೆ ಎಲ್ಲ ರೊಡಾಪ್ಸಿನ್ ಖಾಲಿಯಾಗಿದ್ದರೆ ಅರ್ಧದಷ್ಟು ತುಂಬಿಕೊಳ್ಳಲು ಸುಮಾರು ಐದು ನಿಮಿಷ ಬೇಕು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 30ರಿಂದ 40 ನಿಮಿಷ. ಹೋಗಲು ಫೆಮ್ಟೊಸೆಕೆಂಡ್, ಬರಲು ನಿಮಿಷಗಳು.

ಇಲ್ಲಿ ಒಂದು ಮಾತನ್ನು ಸರಿಯಾಗಿ ಹೇಳಬೇಕು, ಏಕೆಂದರೆ ಹೆಡ್‌ಲೈಟ್ ಬಿದ್ದ ಕೂಡಲೇ ಕಣ್ಣಿನ ರೊಡಾಪ್ಸಿನ್ ಎಲ್ಲ ಖಾಲಿ ಅಂತ ಸುಲಭಕ್ಕೆ ಹೇಳಿಬಿಡುತ್ತಾರೆ. ಹಾಗಿಲ್ಲ. ಒಂದೆರಡು ಸೆಕೆಂಡಿನ ಹೆಡ್‌ಲೈಟಿಗೆ ಇಡೀ ರೆಟಿನಾದ ಲೆಕ್ಕದಲ್ಲಿ ಖಾಲಿಯಾಗುವುದು ಸಣ್ಣ ಪಾಲು. ದೀಪದ ಬಿಂಬ ನೇರವಾಗಿ ಬಿದ್ದ ಜಾಗದಲ್ಲಿ ಮಾತ್ರ ಜಾಸ್ತಿ. ಕಣ್ಣು ಮುಚ್ಚಿದರೂ ಸ್ವಲ್ಪ ಹೊತ್ತು ತೇಲುವ ಆ ಕಲೆ ಅದರದ್ದೇ ಗುರುತು. ಆದರೆ ಸಣ್ಣ ಪಾಲಿನಿಂದಲೂ ದೊಡ್ಡ ತೊಂದರೆ ಆಗುತ್ತದೆ. ರೆಟಿನಾಲ್ ಕಳೆದುಕೊಂಡ ಖಾಲಿ ಆಪ್ಸಿನ್ ಪೂರ್ತಿ ಸುಮ್ಮನೆ ಕೂರುವುದಿಲ್ಲ, ಬೆಳಕು ಇನ್ನೂ ಬೀಳುತ್ತಲೇ ಇದೆಯೇನೋ ಎಂಬಂತೆ ಸಣ್ಣಗೆ ಸಂಕೇತವನ್ನು ಎಬ್ಬಿಸುತ್ತಿರುತ್ತದೆ. ಆ ಸುಳ್ಳು ಬೆಳಕಿನ ಮೇಲೆ ನಿಜವಾದ ಮಂದ ವಸ್ತು ಎದ್ದು ಕಾಣುವುದಿಲ್ಲ. ಜೊತೆಗೆ ಕೋಶಗಳು ಜೋರು ಬೆಳಕಿಗೆ ಹೊಂದಿಕೊಳ್ಳಲು ತಮ್ಮ ಚುರುಕುತನವನ್ನು ತಾವೇ ಇಳಿಸಿಕೊಂಡಿರುತ್ತವೆ, ಅದು ಮತ್ತೆ ಏರಲು ಕೆಲವು ಸೆಕೆಂಡು ಬೇಕು.

ಇನ್ನು ಎದುರಿನ ದೀಪ ಕಣ್ಣ ಮುಂದೆ ಇರುವಾಗಿನ ತೊಂದರೆ ಬೇರೆ. ಕಣ್ಣಿನ ಮಸೂರ, ಕಾರ್ನಿಯಾ (ಕಣ್ಣಿನ ಮುಂದಿನ ತಿಳಿ ಪದರ) ಪೂರ್ತಿ ತಿಳಿ ಅಲ್ಲ. ಬಂದ ಬೆಳಕಿನ ಸ್ವಲ್ಪ ಪಾಲು ಒಳಗೇ ಚದುರಿ ಇಡೀ ರೆಟಿನಾ ಮೇಲೆ ಮಬ್ಬಾಗಿ ಹರಡುತ್ತದೆ. ಆ ಮಬ್ಬಿನೊಳಗೆ ದೀಪದ ಪಕ್ಕದ ಕತ್ತಲ ವಸ್ತುಗಳು ಮುಳುಗಿಹೋಗುತ್ತವೆ. ವಯಸ್ಸಾದಷ್ಟೂ ಮಸೂರ ಮಂಜಾಗುತ್ತದೆ, ಚದುರುವುದು ಜಾಸ್ತಿಯಾಗುತ್ತದೆ, ರೊಡಾಪ್ಸಿನ್ ಮತ್ತೆ ತುಂಬುವುದೂ ನಿಧಾನವಾಗುತ್ತದೆ. ಐವತ್ತು ದಾಟಿದವರು "ರಾತ್ರಿ ಗಾಡಿ ಹೊಡೆಯೋದು ಕಷ್ಟ ಆಗ್ತದ" ಅಂದರೆ ಅದು ಅಂಜಿಕೆ ಅಲ್ಲ, ಅವರ ಕಣ್ಣು ನಿಜ ಹೇಳುತ್ತಿದೆ.

ಇದನ್ನೀಗ ರಸ್ತೆಯ ಅಳತೆಗೆ ತರೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕ್ ಸೆಕೆಂಡಿಗೆ 16.7 ಮೀಟರ್ ಹೋಗುತ್ತದೆ. ಹೈಬೀಮ್ ದಾಟಿದ ಮೇಲೆ ಕಣ್ಣು ಸರಿಹೋಗಲು ಮೂರೇ ಸೆಕೆಂಡು ಹಿಡಿಯಿತು ಅಂದುಕೊಂಡರೂ 50 ಮೀಟರ್ ಆಯಿತು. ಅಷ್ಟು ದೂರವನ್ನು ಹೆಚ್ಚುಕಡಿಮೆ ಕುರುಡಾಗಿ ದಾಟಿರುತ್ತೀರಿ. ಆಮೇಲೆ ಟ್ರೇಲರ್ ಕಂಡು, ಮನಸ್ಸಿಗೆ ತಿಳಿದು, ಬ್ರೇಕ್‌ಗೆ ಕೈ ಹೋಗಲು ಒಂದೂವರೆ ಸೆಕೆಂಡು, ಅಂದರೆ 25 ಮೀಟರ್. ಒಣ ರಸ್ತೆಯಲ್ಲಿ ಒಳ್ಳೆ ಟೈರ್ ಇದ್ದರೂ ನಿಲ್ಲಲು ಇನ್ನೂ 20 ಮೀಟರ್. ಒಟ್ಟು 95 ಮೀಟರ್. ಎದುರಿಗೆ ಗಾಡಿ ಬರುತ್ತಿದೆ ಎಂದು ನೀವು ಸರಿಯಾಗಿ ಡಿಮ್ ಮಾಡಿಕೊಂಡಿದ್ದರೆ ನಿಮ್ಮ ಸ್ವಂತ ಲೈಟ್ ಅಷ್ಟು ದೂರದ ಕಂದು ಕಬ್ಬನ್ನು ತೋರಿಸುವುದಿಲ್ಲ. ದೂರ ಎರಡು ಪಟ್ಟಾದರೆ ಅಲ್ಲಿ ಬೀಳುವ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ, ಕಬ್ಬಿನಿಂದ ಚದುರಿ ನಿಮ್ಮ ಕಣ್ಣಿಗೆ ತಿರುಗಿ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ಇದರಲ್ಲಿ ಸವಾರನ ತಪ್ಪನ್ನು ಎಲ್ಲಿ ಹುಡುಕುವುದು? ನಿಧಾನವಾಗಿ ಹೋಗಬೇಕಿತ್ತು ಅನ್ನಬಹುದು. ಸರಿ. ಆದರೆ ಕತ್ತಲಲ್ಲಿ ರಸ್ತೆ ನಡುವೆ ಕಾಣದ ಗೋಡೆ ನಿಲ್ಲಿಸಿದವರ ಬಗ್ಗೆ ನಾವು ಅದಕ್ಕಿಂತ ಮೊದಲು ಮಾತಾಡಬೇಕು.

ಕಬ್ಬಿನ ಟ್ರೇಲರ್‌ಗಳ ಹಿಂದೆ ಒಮ್ಮೊಮ್ಮೆ ಕೆಂಪು ಬಟ್ಟೆ ಕಟ್ಟಿರುತ್ತಾರೆ. ಉದ್ದೇಶ ಒಳ್ಳೆಯದು. ಹಗಲು ಅದು ಕೆಲಸ ಮಾಡುತ್ತದೆ. ರಾತ್ರಿಗೆ ಅದಕ್ಕಿಂತ ಕೆಟ್ಟ ಬಣ್ಣ ಇನ್ನೊಂದಿಲ್ಲ. ರೊಡಾಪ್ಸಿನ್ 500ರ ಸುತ್ತ ಹೀರುತ್ತದೆ ಅಂದೆನಲ್ಲ, 650 ನ್ಯಾನೋಮೀಟರ್‌ನ ಕೆಂಪಿಗೆ ಬರುವಷ್ಟರಲ್ಲಿ ರಾಡ್‌ನ ಸ್ಪಂದನೆ ಅದರ ಗರಿಷ್ಠದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಆಗಿರುತ್ತದೆ. ಆ ಕೆಂಪು ಫೋಟಾನ್‌ಗೆ ರೊಡಾಪ್ಸಿನ್‌ನ ಎಲೆಕ್ಟ್ರಾನನ್ನು ಏರಿಸುವಷ್ಟು ಶಕ್ತಿ ಇರುವುದಿಲ್ಲ. ಮಂದ ಬೆಳಕಿನಲ್ಲಿ ಕೆಂಪು ಬಟ್ಟೆ ಕಪ್ಪು ಬಟ್ಟೆಯೇ. ಸಂಜೆ ಕತ್ತಲಾಗುವಾಗ ಕೆಂಪು ದಾಸವಾಳ ಮೊದಲು ಮಸುಕಾಗಿ, ಎಲೆಗಳು ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಕಾಣುವುದನ್ನು ನೀವೇ ಹಿತ್ತಲಲ್ಲಿ ನೋಡಬಹುದು. 19ನೇ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗುರುತಿಸಿ ಬರೆದಿದ್ದರು.

ಹಾಗಾದರೆ ಗಾಡಿಯ ಹಿಂದಿನ ಲೈಟ್ ಯಾಕೆ ಕೆಂಪು? ಅದು ಸ್ವಂತ ಬೆಳಕು, ಕೋನ್ ಕೋಶಗಳಿಗೆ ಸಾಲುವಷ್ಟು ಜೋರು. ಇನ್ನೊಂದು ಲಾಭ, ಕೆಂಪನ್ನು ರೊಡಾಪ್ಸಿನ್ ಹೆಚ್ಚು ಹೀರದೆ ಇರುವುದರಿಂದ ಹಿಂದೆ ಬರುವವರ ರಾತ್ರಿ ನೋಟ ಅಷ್ಟಾಗಿ ಕೆಡುವುದಿಲ್ಲ. ಕೆಂಪು ರಿಫ್ಲೆಕ್ಟರ್‌ ಕೂಡ ಹೀಗೆ. ಅದರೊಳಗೆ ಮೂರು ಮುಖಗಳು ಒಂದಕ್ಕೊಂದು ಲಂಬವಾಗಿ ಕೂಡುವ ಸಣ್ಣ ಸಣ್ಣ ಮೂಲೆಗಳಿರುತ್ತವೆ, ಕೆಲವು ಟೇಪ್‌ಗಳಲ್ಲಿ ಸಣ್ಣ ಗಾಜಿನ ಮಣಿಗಳು. ಎರಡೂ ಮಾಡುವ ಕೆಲಸ ಒಂದೇ: ಬೆಳಕು ಯಾವ ಕಡೆಯಿಂದ ಬಂತೋ ಅದೇ ಕಡೆಗೆ ತಿರುಗಿಸಿ ಕಳಿಸುವುದು. ಬಟ್ಟೆ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ನಿಮ್ಮ ಕಣ್ಣಿಗೆ ಬರುವುದು ಚೂರುಪಾರು. ರಿಫ್ಲೆಕ್ಟರ್ ನಿಮ್ಮ ಹೆಡ್‌ಲೈಟಿನ ಬೆಳಕನ್ನು ನಿಮ್ಮ ಕಡೆಗೇ ಕಳಿಸುತ್ತದೆ. ಹಾಗಾಗಿ ಡಿಮ್ ಬೆಳಕಿನ ಅಂಚು ತಗುಲಿದರೂ ನೂರು ಮೀಟರ್ ಆಚೆಯಿಂದಲೇ ಹೊಳೆಯುತ್ತದೆ. ಹಿಂದೆ ಕೆಂಪು ರಿಫ್ಲೆಕ್ಟರ್ ಇರಲೇಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಕಣ್ಣಿನ ರಸಾಯನವನ್ನು ಬದಲಿಸಲು ಯಾರಿಂದಲೂ ಆಗುವುದಿಲ್ಲ, ಟ್ರೇಲರ್‌ಗೆ ಟೇಪ್ ಅಂಟಿಸಲು ಆಗುತ್ತದೆ. ಹಂಗಾಮಿನ ಶುರುವಿನಲ್ಲಿ ಪೊಲೀಸರು, ಕೆಲವು ಫ್ಯಾಕ್ಟರಿಗಳು ಟೇಪ್ ಅಂಟಿಸುವ ಕೆಲಸ ಮಾಡುತ್ತಾರೆ, ಅದನ್ನು ಮೆಚ್ಚಬೇಕು. ಆದರೆ ಒಂದು ಟ್ರಿಪ್‌ಗೆ ಅದರ ಮೇಲೆ ಧೂಳು ಕೂರುತ್ತದೆ, ನಾಲ್ಕು ಟ್ರಿಪ್‌ಗೆ ಕಬ್ಬು ತಿಕ್ಕಿ ಕಿತ್ತುಬರುತ್ತದೆ. ಪ್ರತಿ ಟ್ರೇಲರ್ ತೂಕಕ್ಕೆ ನಿಲ್ಲುವ ಕಾಟಾದಲ್ಲೇ ನೋಡಿ, ಇಲ್ಲದಿದ್ದರೆ ಅಲ್ಲೇ ಅಂಟಿಸಿ ಕಳಿಸುವ ಏರ್ಪಾಟು ಆಗಬೇಕು. ಕಬ್ಬಿನ ತೂಕ, ಇಳುವರಿ, ಬಿಲ್ ಎಲ್ಲದಕ್ಕೂ ಅಲ್ಲಿ ಲೆಕ್ಕ ಇಡುವವರಿದ್ದಾರೆ, ಇದಕ್ಕೂ ಒಬ್ಬರು ಇರಲಿ.

ಎಲ್‌ಇಡಿ ವಿಷಯಕ್ಕೂ ಬರಬೇಕು, ಏಕೆಂದರೆ ಈಗ ಎಲ್ಲರ ದೂರು ಅದೇ. ಬಿಳಿ ಎಲ್‌ಇಡಿ ಎಂದರೆ ಒಳಗೆ ಸುಮಾರು 450 ನ್ಯಾನೋಮೀಟರ್‌ನ ನೀಲಿ ಚಿಪ್, ಅದರ ಮೇಲೆ ಹಳದಿ ಹೊಳೆಯುವ ಪುಡಿಯ ಲೇಪ. ಎರಡೂ ಕೂಡಿ ಬಿಳಿ. ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೆ 2014ರಲ್ಲಿ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಹಳೆಯ ಹ್ಯಾಲೊಜೆನ್‌ನ ಹಳದಿ ಬೆಳಕಿಗೆ ಹೋಲಿಸಿದರೆ ಇದರಲ್ಲಿ ನೀಲಿ ಪಾಲು ಜಾಸ್ತಿ, ಅದು ಕಣ್ಣಿಗೆ ಹೆಚ್ಚು ಚುಚ್ಚಿದಂತೆ ಅನಿಸುತ್ತದೆ. ಆದರೆ ನನ್ನ ಲೆಕ್ಕದಲ್ಲಿ ಬಣ್ಣಕ್ಕಿಂತ ದೊಡ್ಡ ತೊಂದರೆ ದಿಕ್ಕಿನದು. ಹ್ಯಾಲೊಜೆನ್ ಬಲ್ಬ್‌ಗೆಂದು ಮಾಡಿದ ಹೆಡ್‌ಲೈಟಿನೊಳಗೆ ಮಾರ್ಕೆಟಿನಲ್ಲಿ ಸಿಗುವ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಹುಟ್ಟುವ ಜಾಗವೇ ಬದಲಾಗುತ್ತದೆ. ಹಿಂದಿನ ಕನ್ನಡಿ ಅದಕ್ಕೆ ಹೊಂದುವುದಿಲ್ಲ. ಡಿಮ್‌ನಲ್ಲಿ ಇಟ್ಟರೂ ಬೆಳಕು ಮೇಲಕ್ಕೆ, ಎದುರಿನವರ ಮುಖಕ್ಕೆ ಎರಚುತ್ತದೆ. ಹಾಕಿಸಿಕೊಂಡವರಿಗೆ ರಸ್ತೆ ಬೆಳ್ಳಗೆ ಕಾಣುವುದರಿಂದ ಒಳ್ಳೆಯದಾಯಿತು ಅನಿಸುತ್ತದೆ. ಎದುರಿನವರಿಗೆ ಆಗಿದ್ದು ಏನೆಂದು ಅವರಿಗೆ ತಿಳಿಯುವುದೇ ಇಲ್ಲ. ಮುಂದೆ ಕಂಬಕ್ಕೆ ಕಟ್ಟಿದ ನಾಲ್ಕು ನಾಲ್ಕು ಫೋಕಸ್ ಲೈಟ್‌ಗಳ ಟ್ರ್ಯಾಕ್ಟರ್‌ಗಳ ಕಥೆಯೂ ಇದೇ. ಹೊಲದಲ್ಲಿ ಅವು ಬೇಕು, ಡಾಂಬರು ರಸ್ತೆಗೆ ಹತ್ತಿದ ಮೇಲೆ ಆರಿಸಲೇಬೇಕು.

ಇದಕ್ಕೆ ಪರಿಹಾರ ಅಂತ ಹಳದಿ ಗಾಜಿನ "ನೈಟ್ ಡ್ರೈವಿಂಗ್" ಕನ್ನಡಕ ಮಾರುತ್ತಾರೆ. ದಯವಿಟ್ಟು ತಗೊಳ್ಳಬೇಡಿ. ಹಳದಿ ಗಾಜು ನೀಲಿ ಫೋಟಾನ್‌ಗಳನ್ನು ತಡೆಯುತ್ತದೆ ನಿಜ, ಆದರೆ ರೊಡಾಪ್ಸಿನ್‌ಗೆ ಬೇಕಾದ ಬೆಳಕಿನಲ್ಲೂ ಪಾಲು ಕಡಿಮೆಯಾಗುತ್ತದೆ. ಮೊದಲೇ ಬೆಳಕು ಸಾಲದ ಜಾಗ ಅದು. 2019ರಲ್ಲಿ ಬೋಸ್ಟನ್‌ನ ಸಂಶೋಧಕರು ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿದಾಗ ಈ ಕನ್ನಡಕದಿಂದ ಎದುರಿನ ಲೈಟಿನ ನಡುವೆ ಪಾದಚಾರಿಗಳನ್ನು ಗುರುತಿಸುವುದು ಉತ್ತಮಗೊಳ್ಳಲಿಲ್ಲ. ಹಾಕಿಕೊಂಡವರಿಗೆ ಸಿಗುವುದು ಹಾಯ್ ಅನಿಸುವ ಅನುಭವ ಮಾತ್ರ, ಅದನ್ನು ನಂಬಿ ವೇಗ ಹೆಚ್ಚಿಸಿದರೆ ಅಪಾಯ. ಅದರ ಬದಲು ಹೆಲ್ಮೆಟ್ಟಿನ ಗಾಜಿನ ಗೀರು, ಕಾರಿನ ಗಾಜಿನ ಒಳಗಿನ ಎಣ್ಣೆ ಪದರ ಒರೆಸಿ. ಚದುರುವ ಬೆಳಕು ಅಷ್ಟರಮಟ್ಟಿಗಾದರೂ ಕಡಿಮೆಯಾಗುತ್ತದೆ.

ಇನ್ನು ಕೆಲವರಿಗೆ ಹೆಡ್‌ಲೈಟ್ ಬೀಳದಿದ್ದರೂ ರಾತ್ರಿ ಕಾಣುವುದಿಲ್ಲ. ಇರುಳುಗುರುಡು. ಇದರ ಬಗ್ಗೆ ನಮ್ಮಲ್ಲಿ ಮಾತು ಬಹಳ ಕಡಿಮೆ. ಲೈಸೆನ್ಸ್ ಅರ್ಜಿಯ ಜೊತೆಗಿನ ಘೋಷಣೆ ಫಾರಂನಲ್ಲಿ ನಿಮಗೆ ಇರುಳುಗುರುಡು ಇದೆಯೇ ಎಂಬ ಪ್ರಶ್ನೆ ಇದೆ, ಓದದೆ ಇಲ್ಲ ಎಂದು ತುಂಬಿಬಿಡುತ್ತೇವೆ. ಕಾರಣಗಳು ಬೇರೆ ಬೇರೆ. ಒಂದು ವಿಟಮಿನ್ ಎ ಕೊರತೆ. ರೆಟಿನಾಲ್ ಇಲ್ಲದೆ ಆಪ್ಸಿನ್ ಒಂದರಿಂದಲೇ ಏನೂ ಆಗುವುದಿಲ್ಲ, ಮೊದಲು ಸೋಲುವುದು ರಾಡ್ ಕೋಶಗಳು. ಜೋಳದಲ್ಲಿ ಕ್ಯಾರೋಟಿನ್ ಬಹಳ ಕಡಿಮೆ, ಆದರೆ ರೊಟ್ಟಿಯ ಜೊತೆ ನಾವು ತಿನ್ನುವ ಹಸಿ ಮೆಂತ್ಯೆ, ಹಕ್ಕರಕಿ, ರಾಜಗಿರಿ ಪಲ್ಲೆ, ಗಜ್ಜರಿಯಲ್ಲಿ ಬೇಕಾದಷ್ಟಿದೆ. ಸೊಪ್ಪಿನ ಕ್ಯಾರೋಟಿನ್ ಹಸಿರಿನ ಕೆಳಗೆ ಅಡಗಿರುತ್ತದೆ, ಕಣ್ಣಿಗೆ ಕಿತ್ತಳೆ ಕಾಣುವುದಿಲ್ಲ ಅಷ್ಟೇ. ಅದು ಕೊಬ್ಬಿನಲ್ಲಿ ಕರಗುವ ವಸ್ತು, ಜೊತೆಗೆ ಶೇಂಗಾ ಹಿಂಡಿಯೋ ಬೆಣ್ಣೆಯೋ ಇದ್ದರೆ ಮೈಗೆ ಹಿಡಿಯುತ್ತದೆ. ನಮ್ಮ ಹಳೆಯ ಊಟದ ತಟ್ಟೆ ಈ ವಿಷಯದಲ್ಲಿ ಸರಿಯಾಗಿಯೇ ಇತ್ತು. ಕೊರತೆ ಇಲ್ಲದವರು ಇನ್ನೂ ಜಾಸ್ತಿ ತಿಂದರೆ ರಾತ್ರಿ ನೋಟ ಹೆಚ್ಚಾಗುವುದಿಲ್ಲ, ವಿಟಮಿನ್ ಎ ಮಾತ್ರೆಗಳನ್ನು ಮನಸ್ಸಿಗೆ ಬಂದಂತೆ ನುಂಗಿದರೆ ಲಿವರಿಗೆ ಕೆಟ್ಟದ್ದು.

ಮಕ್ಕಳಿಗೆ 9 ತಿಂಗಳಿಂದ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ದ್ರವ ಕುಡಿಸುವ ಕಾರ್ಯಕ್ರಮ ದೇಶದಲ್ಲಿದೆ, ಒಟ್ಟು 9 ಡೋಸ್. ಇಲ್ಲಿ ಕಬ್ಬಿನ ಮಾತು ಮತ್ತೆ ಬರುತ್ತದೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಗ್ಯಾಂಗುಗಳು ಕಬ್ಬು ಕಡಿಯಲು ನಮ್ಮ ಕಡೆ ಬರುತ್ತವೆ, ನಮ್ಮ ವಿಜಯಪುರದ ತಾಂಡಾಗಳಿಂದ ಜನ ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಮಕ್ಕಳು ತಿಂಗಳುಗಟ್ಟಲೆ ಗುಡಿಸಲಿನಲ್ಲಿ ಇರುತ್ತಾರೆ. ಆರು ತಿಂಗಳ ಲೆಕ್ಕದ ಡೋಸ್ ತಪ್ಪಿಹೋಗುವುದು ಇಂಥ ಮಕ್ಕಳಿಗೇ. ಟ್ರೇಲರ್‌ಗೆ ಟೇಪ್ ಕೇಳುವವರು ಗ್ಯಾಂಗಿನ ಮಕ್ಕಳಿಗೆ ಈ ಡೋಸನ್ನೂ ಕೇಳಬೇಕು.

ಇನ್ನೊಂದು ಕಾರಣ ಹುಟ್ಟಿನಿಂದ ಬರುವುದು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆಯಲ್ಲಿ ರಾಡ್ ಕೋಶಗಳು ಒಂದೊಂದಾಗಿ ಸಾಯುತ್ತವೆ. ಮೊದಲ ಲಕ್ಷಣವೇ ರಾತ್ರಿ ಕಾಣದಿರುವುದು. ಇದಕ್ಕೆ ಕಾರಣವಾಗುವ ಜೀನ್‌ಗಳಲ್ಲಿ ರೊಡಾಪ್ಸಿನ್‌ನದ್ದೂ ಒಂದು, ಮೇಲೆ ಹೇಳಿದ ಆರ್‌ಪಿಇ65 ಇನ್ನೊಂದು. ಆರ್‌ಪಿಇ65 ಕೆಟ್ಟವರಿಗೆ ಒಳ್ಳೆಯ ಪ್ರತಿ ಕೊಡುವ ಜೀನ್ ಚಿಕಿತ್ಸೆಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಹುಟ್ಟುವ ಬಗೆಗಳು ಸೋದರಮಾವ, ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಗಳಲ್ಲಿ ಹೆಚ್ಚು. ನಮ್ಮ ಕಡೆ ಅಂಥ ಮದುವೆ ಇನ್ನೂ ಇವೆ. ಸಂಜೆಯಾದರೆ ಮಗು ಗೋಡೆ ಹಿಡಿದು ನಡೆಯುತ್ತಿದ್ದರೆ, ಅಂಗಳದಲ್ಲಿ ಎಡವುತ್ತಿದ್ದರೆ ಅದನ್ನು ಅಂಜುಬುರುಕು ಅನ್ನಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ದೊಡ್ಡವರಲ್ಲಿ ಇದೇ ತೊಂದರೆ ಹೊಸದಾಗಿ ಶುರುವಾದರೆ ಮೋತಿಬಿಂದು (ಕಣ್ಣಿನ ಪೊರೆ) ಇರಬಹುದು, ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟಿರಬಹುದು.

ಗಾಡಿ ಓಡಿಸುವವರಿಗೆ ಎರಡು ಮಾತು. ಎದುರಿನ ದೀಪ ದೂರ ಇರುವಾಗಲೇ ವೇಗ ಇಳಿಸಿ, ದಾಟಿದ ಮೇಲೆ ಅಲ್ಲ, ಏಕೆಂದರೆ ದಾಟಿದ ನಂತರದ ಆ ಕೆಲವು ಸೆಕೆಂಡುಗಳಲ್ಲೇ ಕಣ್ಣು ಸೋತಿರುತ್ತದೆ. ದೀಪವನ್ನು ದಿಟ್ಟಿಸಬೇಡಿ, ನಿಮ್ಮ ಎಡಗಡೆಯ ರಸ್ತೆ ಅಂಚು ನೋಡಿ. ಹಾಗೆ ಮಾಡಿದರೆ ದೀಪದ ಬಿಂಬ ರೆಟಿನಾದ ನಟ್ಟನಡುವೆ, ನೀವು ವಿವರ ನೋಡಲು ಬಳಸುವ ಜಾಗದಲ್ಲಿ ಬೀಳುವುದಿಲ್ಲ.

ಟ್ರ್ಯಾಕ್ಟರ್ ಇರುವವರು ತಮ್ಮ ಟ್ರೇಲರ್‌ನ ಟೇಪ್ ಕೆಲಸ ಮಾಡುತ್ತದೋ ಇಲ್ಲವೋ ಅಂತ ಮನೆಯಲ್ಲೇ ನೋಡಿಕೊಳ್ಳಬಹುದು. ಕತ್ತಲಾದ ಮೇಲೆ ಟ್ರೇಲರ್‌ನಿಂದ ನೂರು ಹೆಜ್ಜೆ ಹಿಂದೆ ಹೋಗಿ ನಿಲ್ಲಿ. ಮೊಬೈಲ್ ಟಾರ್ಚ್ ಹಚ್ಚಿ ಅದನ್ನು ನಿಮ್ಮ ಕಣ್ಣಿನ ಪಕ್ಕಕ್ಕೇ, ಕಿವಿಯ ಹತ್ತಿರ ಹಿಡಿಯಿರಿ. ಎದೆ ಮಟ್ಟಕ್ಕೆ ಹಿಡಿದರೆ ತಿರುಗಿ ಬರುವ ಬೆಳಕು ಟಾರ್ಚ್ ಕಡೆಗೆ ಹೋಗುತ್ತದೆ, ಕಣ್ಣಿಗೆ ಅಷ್ಟಾಗಿ ಬರುವುದಿಲ್ಲ. ಕಣ್ಣ ಪಕ್ಕದಿಂದ ಹಿಡಿದಾಗ ಟ್ರೇಲರ್‌ನ ಎರಡೂ ಅಂಚು ಬೇರೆ ಬೇರೆಯಾಗಿ ಹೊಳೆಯಬೇಕು. ಒಂದೇ ಕಡೆ ಹೊಳೆದರೆ ಹಿಂದೆ ಬರುವವರು ಅದನ್ನು ಬೈಕ್ ಅಂದುಕೊಂಡು ಪಕ್ಕಕ್ಕೆ ನುಗ್ಗುತ್ತಾರೆ. ಹೊಳೆಯದಿದ್ದರೆ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಆಗಲೂ ಹೊಳೆಯದಿದ್ದರೆ ಹೊಸ ಟೇಪ್ ಹಾಕಿ, ಕಬ್ಬು ಜೋತುಬೀಳದ ಜಾಗದಲ್ಲಿ, ಚಾಸಿಯ ಕೆಳಗಿನ ಅಡ್ಡಪಟ್ಟಿಯ ಎರಡೂ ತುದಿಗೆ.